ಇಂದುಮತಿಯ ಎಡಗೈ

ನಮ್ಮತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಈಗಲೂ ಜಗಲಿಯ ಮೇಲೆ ಕೂತು, ನಾನು ಅಕ್ಕಿ ಆರಿಸುವುದರಲ್ಲಿ ತಪ್ಪು ಹುಡುಕುತ್ತಾರೆ. ಅವರಿಗೆ ಬಲಗಿವಿ ಮಾತ್ರ ಇಲ್ಲ. ಪಟ ಬರೆಯುವಾಗ ಏನನ್ನು ಬಾಕಿ ಬಿಡಲಿ ಎಂದು ನನ್ನ ಗಂಡ ಕೇಳಿದಾಗ, ನಾಲಿಗೆ ಬಿಡಿ ಎಂದು ನಾನು ಹೇಳಿದ್ದೆ. ಮಗನಿಗೆ ತಾಯಿಯ ಮಾತು ಬೇಕಿತ್ತು, ಕಿವಿ ಬಿಟ್ಟರು. ಹಾಗಾಗಿ ಅವರು ಹೇಳುವುದೆಲ್ಲ ನನಗೆ ಕೇಳುತ್ತದೆ, ನಾನು ಹೇಳುವುದರಲ್ಲಿ ಅರ್ಧ ಅವರಿಗೆ ಕೇಳುವುದಿಲ್ಲ.

ನಮ್ಮೂರಲ್ಲಿ ಹೀಗೇ. ಇದ್ದವರ ಪಟ ಬರೆಸುವ ಪದ್ಧತಿ ಇಲ್ಲ, ಇಬ್ಬಿಬ್ಬರಾದರೆ ಕಷ್ಟ, ಒಬ್ಬೊಬ್ಬರ ಕಾಟವೇ ಸಾಕು. ಹೋದವರ ಪಟ ಬರೆಸುತ್ತೇವೆ. ಕಣ್ಣು ಬರೆದ ಮರುದಿನ ಅವರು ಎದ್ದು ಬರುತ್ತಾರೆ. ಪಟದಲ್ಲಿ ಏನಾದರೊಂದು ಬಾಕಿ ಇರುವವರೆಗೂ ಮನೆಯಲ್ಲಿ ಓಡಾಡಿಕೊಂಡಿರುತ್ತಾರೆ. ಆ ಬಾಕಿಯನ್ನೂ ಬರೆದು ಮುಗಿಸಿದರೆ ಪಟದೊಳಗೆ ಹೋಗಿ ನಿಲ್ಲುತ್ತಾರೆ, ಆಮೇಲೆ ಹಾರ ಹಾಕಬಹುದು. ಬುದ್ಧಿವಂತರು ಸಣ್ಣದೊಂದನ್ನು ಬಾಕಿ ಬಿಡಿಸುತ್ತಾರೆ, ಕಿರುಬೆರಳಿನ ಉಗುರೋ, ಅರ್ಧ ಹುಬ್ಬೋ. ಬಟ್ಟೆ ಅಂಗಡಿಯವರ ಅಜ್ಜನಿಗೆ ಎಡಗಾಲಿನ ಚಪ್ಪಲಿ ಇಲ್ಲ, ಬೇಸಿಗೆಯಲ್ಲಿ ಕುಂಟಿಕೊಂಡೇ ಅರಳಿಕಟ್ಟೆಗೆ ಹೋಗುತ್ತಾರೆ. ಇಂಥವರಿಗೆ ಊಟ ಬೇಡ, ಔಷಧಿ ಬೇಡ, ಊರಿನ ಗಡಿ ದಾಟುವ ಹಾಗಿಲ್ಲ. ಮದುವೆಗೆ ಮಾತ್ರ ಹೆಸರು ಹಿಡಿದು ಕರೆಯಬೇಕು, ಮರೆತರೆ ಮುನಿಸಿಕೊಳ್ಳುತ್ತಾರೆ.

ಒಂದು ಎಚ್ಚರ ಬೇಕು. ಅವರಿಗೆ ಗೊತ್ತಿರುವುದು, ಪಟ ಬರೆಯುವಾಗ ಮನೆಯವರು ಚಿತ್ರಗಾರನ ಮುಂದೆ ಕೂತು ಹೇಳಿದ್ದಷ್ಟೇ. ಅದಕ್ಕೆ ಹೇಳುವ ಶಾಸ್ತ್ರ ಎನ್ನುತ್ತೇವೆ. ಅದಕ್ಕಾಗಿ ನೆಂಟರೆಲ್ಲ ಸೇರುತ್ತಾರೆ, ಒಬ್ಬರು ಮರೆತಿದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ. ಆದರೂ ಬಟ್ಟೆ ಅಂಗಡಿಯವರು ಅಜ್ಜ ಕಿವುಡ ಎಂಬುದನ್ನು ಹೇಳಲು ಮರೆತರು. ಬದುಕಿದ್ದಷ್ಟು ದಿನ ಏನೂ ಕೇಳಿಸಿಕೊಳ್ಳದ ಮನುಷ್ಯ ಪಟದಿಂದ ಎದ್ದು ಬಂದು ಎಲ್ಲವನ್ನೂ ಕೇಳಿಸಿಕೊಂಡ. ಆ ವರ್ಷವೇ ಅಣ್ಣತಮ್ಮಂದಿರು ಬೇರೆಯಾದರು. ಹೇಳದೆ ಬಿಟ್ಟ ಜಾಗವನ್ನು ಚಿತ್ರಗಾರ ತನಗೆ ತೋಚಿದ ಹಾಗೆ ತುಂಬಿಸಲೇಬೇಕು, ಮುಖದಲ್ಲಿ ತೂತು ಬಿಡಲಾಗುತ್ತದೆಯೇ.

ನನ್ನ ಗಂಡ ನರಸೋಜಿ ಈ ಊರಿಗೆ ಒಬ್ಬರೇ ಚಿತ್ರಗಾರರು. ಬಣ್ಣ ಅರೆಯುವವಳು ನಾನು. ಹೊರಗಿನವರ ಕೆಲಸವನ್ನು ಇವರು ಒಪ್ಪಿಕೊಳ್ಳುತ್ತಿರಲಿಲ್ಲ, ಎದ್ದು ಬಂದವರನ್ನು ನೋಡಿಕೊಳ್ಳುವವರು ಯಾರು? ಆದರೆ ಊರು ಬಿಟ್ಟ ಒಂದು ಮನೆಯವರು ತಮ್ಮ ಹಿರಿಯರ ಪಟ ಪೂರ್ತಿ ಮಾಡಿಸಿ ಮಾರಿಕೊಂಡಿದ್ದರು. ಅದು ಕೈಯಿಂದ ಕೈಗೆ ದಾಟಿ ಹೊರದೇಶದಲ್ಲಿ ನೆಲೆಸಿದ ಪಡಿಯಾರ ಎಂಬವರ ಗೋಡೆಗೆ ಸೇರಿತು. ಆ ಪಡಿಯಾರರಿಗೆ ಚಿತ್ರ ಕೂಡಿಡುವ ಹುಚ್ಚಂತೆ. ಮನೆಯ ಗೋಡೆಗಳಲ್ಲಿ ಒಂದು ಅಂಗೈಯಗಲ ಜಾಗವೂ ಖಾಲಿ ಇಲ್ಲ, ಇನ್ನೂ ಕೂಡಿಡುತ್ತಲೇ ಇದ್ದಾರೆ ಎಂದು ಅವರೇ ಹೆಮ್ಮೆಯಿಂದ ಫೋನಿನಲ್ಲಿ ಹೇಳಿದರು. ತೀರಿಹೋದ ತಮ್ಮ ಹೆಂಡತಿ ಇಂದುಮತಿಯದ್ದೊಂದು ಪಟ ಆಗಬೇಕು ಎಂದರು. ಇವರು ಯಾಕೆ ಒಪ್ಪಿದರೋ. ಒಂದೇ ಉಸಿರಿಗೆ ಬರೆದು ಮುಗಿಸಿ ಕಳಿಸಿದರಾಯಿತು, ಎದ್ದು ಬಂದರೂ ಎರಡು ದಿನದ ಮಾತು ಎಂದುಕೊಂಡರು. ನಮ್ಮೂರಿನ ಸಂಗತಿಯನ್ನು ಪಡಿಯಾರರಿಗೆ ಹೇಳಲಿಲ್ಲ. ಹೇಳಿದರೆ ಹೊರಗಿನವರು ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ.

ಹೇಳುವ ಶಾಸ್ತ್ರ ಫೋನಿನಲ್ಲೇ ನಡೆಯಿತು. ನಾನು ಪಕ್ಕದಲ್ಲಿ ಬಣ್ಣ ಅರೆಯುತ್ತ ಕೇಳಿಸಿಕೊಂಡೆ. ಅಕ್ಕಸಾಲಿಗನಿಗೆ ಒಡವೆ ಹೇಳಿ ಮಾಡಿಸುವ ಹಾಗಿತ್ತು. ಹಣೆ ಸ್ವಲ್ಪ ಅಗಲ. ಮೂಗು ನೇರ, ತುದಿ ಚೂಪು. ಮೈಬಣ್ಣ ಗೋಧಿಗಿಂತ ತುಸು ತಿಳಿ. ಸೀರೆ ನವಿಲು ಬಣ್ಣದ್ದು, ಅಂಚು ಕಿರಿದು. ಎಡಗೈಯ ಉಂಗುರಕ್ಕೆ ಬಂದಾಗ ಮಾತ್ರ ಅವರ ದನಿ ಮೆತ್ತಗಾಯಿತು. ನೀಲಿ ಕಲ್ಲು, ಸುತ್ತ ಬಿಳಿ ಹರಳು, ತಾವೇ ಊರೂರು ಸುತ್ತಿ ಆರಿಸಿದ್ದು. ಆ ಉಂಗುರವೊಂದನ್ನೇ ಹಲವು ಸಂಜೆ ಹೇಳಿದರು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

"ಅಮ್ಮಾವ್ರು ಏನಕ್ಕೆ ನಗ್ತಿದ್ರು, ಹೇಳಿ," ಎಂದು ಇವರು ಕೇಳಿದರು.

"ಅದೆಲ್ಲ ಪಟಕ್ಕೆ ಎಂತಕ್ಕೆ?" ಎಂದರು ಪಡಿಯಾರರು.

ಕಣ್ಣು ಬರೆದ ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದಾಗ ಇಂದುಮತಿ ಬಂದು ಅಡುಗೆಮನೆಯ ಹೊಸ್ತಿಲ ಬಳಿ ನಿಂತಳು. ನವಿಲು ಬಣ್ಣದ ಸೀರೆ, ಅಗಲ ಹಣೆ. ಎಡಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. "ಅಕ್ಕ, ಇಲ್ಲೇ ಕೂತ್ಕೊಳ್ಳಲಾ?" ಎಂದಳು. ಎರಡು ದಿನದ ನೆಂಟಳು ತಾನೇ ಎಂದು ಮಣೆ ಹಾಕಿದೆ. ಅಷ್ಟರಲ್ಲಿ ಬೆಕ್ಕೊಂದು ಚಟ್ಟಂಬಡೆ ಕಚ್ಚಿಕೊಂಡು ಓಡಲು ಹೋಗಿ, ನನ್ನ ಅತ್ತೆಯ ಮಡಿಲಿಗೆ ಬಿತ್ತು. ಅವಳು ನಕ್ಕಳು. ತಲೆ ಹಿಂದಕ್ಕೆಸೆದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ನಗುವಿನ ತುದಿಯಲ್ಲಿ ಒಂದು ಬಿಕ್ಕಳಿಕೆ ಬಂತು. ಕೆಲಸದ ಕೋಣೆಯಿಂದ ಇವರು ಕುಂಚ ಹಿಡಿದುಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತರು. ಅವರ ಮುಖ ನೋಡಿದ ಕೂಡಲೇ ನಾನು ಒಲೆಯ ಕಡೆ ತಿರುಗಿಕೊಂಡೆ.

ಎರಡು ದಿನ ಎಂದಿದ್ದು ವಾರವಾಯಿತು, ವಾರ ತಿಂಗಳಾಯಿತು. ಇನ್ನು ಬಾಕಿ ಇದ್ದದ್ದು ಆ ಎಡಗೈ ಒಂದೇ. ಪಡಿಯಾರರು ಕೇಳಿದಾಗೆಲ್ಲ ಇವರದು ಒಂದೇ ಉತ್ತರ, "ಉಂಗುರ ಕೂರ್ತಾ ಇಲ್ಲ ಸ್ವಾಮಿ. ಆ ನೀಲಿ ಸಿಗ್ತಾ ಇಲ್ಲ." ಸಿಗದೆ ಏನು? ಅರೆದು ಕೊಡುವವಳು ನಾನಿಲ್ಲವೇ. ಪಾರಿವಾಳದ ಕತ್ತಿನ ನೀಲಿ, ಶಂಖಪುಷ್ಪದ ನೀಲಿ, ಹೊಸ ಕರಿಮಡಕೆಯ ಮೇಲೆ ಮಿನುಗುವ ನೀಲಿ, ಭೂಮಿಯ ಮೇಲಿರುವ ನೀಲಿಯನ್ನೆಲ್ಲ ಅರೆದು ಬಟ್ಟಲಲ್ಲಿ ತುಂಬಿಸಿ ಅವರ ಮುಂದಿಟ್ಟೆ. ಅವರು ಉಗುರ ತುದಿಯಲ್ಲಿ ಮುಟ್ಟಿ, "ಇದಲ್ಲ ಪದ್ದಿ," ಎನ್ನುತ್ತಿದ್ದರು.

ಆ ಹೊತ್ತಿಗೆಲ್ಲ ಅವಳು ಅವರ ಪಕ್ಕದಲ್ಲೇ ಕೂತಿರುತ್ತಿದ್ದಳು. ಮದುವೆಯಾದಾಗಿನಿಂದ ನಮ್ಮವರು ನನ್ನ ಜೊತೆ ಮಾತಾಡಿದ್ದೆಂದರೆ ಸಾರು, ಬಣ್ಣ, ಅಮ್ಮ, ಈ ಮೂರೇ ವಿಷಯ. ಅವಳ ಜೊತೆ ಬಾಯಿ ಬಿಟ್ಟರೆ ಮುಚ್ಚುವಂತೆಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಕೆರೆಗೆ ಬಿದ್ದಿದ್ದು, ಮಾವಿನ ಮರದ ಕಾವಲುಗಾರನನ್ನು ದೆವ್ವದ ವೇಷ ಹಾಕಿಕೊಂಡು ಹೆದರಿಸಿದ್ದು, ಹೆಣ್ಣು ನೋಡಲು ಬಂದ ದಿನ ಬೇರೆಯವರ ಚಪ್ಪಲಿ ಹಾಕಿಕೊಂಡು ಹೋಗಿದ್ದು. ಆ ಹೆಣ್ಣು ನಾನೇ, ಚಪ್ಪಲಿಯ ವಿಷಯ ನನಗೇ ಗೊತ್ತಿರಲಿಲ್ಲ. ಪ್ರತಿಯೊಂದಕ್ಕೂ ಅವಳು ನಗುತ್ತಿದ್ದಳು, ತುದಿಯಲ್ಲಿ ಆ ಬಿಕ್ಕಳಿಕೆ. ಅದು ಕೇಳಿದರೆ ಸಾಕು ಇವರು ಮತ್ತೊಂದು ಶುರು ಮಾಡುತ್ತಿದ್ದರು. ಕನ್ನಡಿಯ ಮುಂದೆ ನಿಂತು ಮೀಸೆ ಕತ್ತರಿಸಿಕೊಂಡರು. ಉಪ್ಪಿಲ್ಲದ ಉಪ್ಪಿಟ್ಟನ್ನು ತುಟಿ ಪಿಟಕ್ಕೆನ್ನದೆ ತಿಂದರು. ಬೇಕಂತಲೇ ಉಪ್ಪು ಹಾಕಿರಲಿಲ್ಲ ನಾನು.

ಜಗಳವಾಡೋಣವೆಂದರೆ ಯಾರ ಜೊತೆ ಆಡಲಿ? ಸತ್ತವಳು, ಮನೆಗೆ ಬಂದವಳು, ಮೇಲಾಗಿ ಒಂದು ಕೈ ಇಲ್ಲದವಳು. ಬಾಯಿ ತುಂಬ ಅಕ್ಕ ಎನ್ನುತ್ತಾಳೆ, ಒಂದೇ ಕೈಯಲ್ಲಿ ನನ್ನ ಜಡೆ ಹಿಡಿದು ಹೂ ಸಿಕ್ಕಿಸುತ್ತಾಳೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅತ್ತೆಗೋ ಅವಳನ್ನು ಕಂಡರೆ ಪಂಚಪ್ರಾಣ. ಕೇರಿಯ ಹೆಂಗಸರು ನೀರಿನ ನಲ್ಲಿಯ ಹತ್ತಿರ, "ಏನ್ ಪದ್ದಕ್ಕ, ಪರದೇಶದ ಪಟ ಇನ್ನೂ ಮುಗಿಲಿಲ್ವಾ?" ಎಂದು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮರೆಮಾಚಿ ಏನು ಪ್ರಯೋಜನ, ಅದು ಶುದ್ಧ ಹೊಟ್ಟೆಕಿಚ್ಚು. ಗಂಡ ಕೈತಪ್ಪಿ ಹೋಗುತ್ತಿದ್ದಾನೆ ಎಂಬ ಭಯವೂ ಅದರೊಳಗೆ ಸೇರಿತ್ತು.

ಒಂದು ದಿನ ಇವರು ಸ್ನಾನಕ್ಕೆ ಹೋದಾಗ ಫೋನು ಬಡಿದುಕೊಂಡಿತು. ನಾನೇ ಎತ್ತಿಕೊಂಡೆ. "ಪಡಿಯಾರರೇ, ನಿಮ್ಮ ಹೆಂಡ್ತಿ ನಮ್ಮ ಮನೇಲಿದಾರೆ. ಬಂದು ಕರ್ಕೊಂಡು ಹೋಗಿ," ಎಂದೆ. ಸಂಗತಿಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ವಿಡಿಯೊ ಹಾಕಿ ಫೋನನ್ನು ಅವಳ ಕಡೆ ತಿರುಗಿಸಿದೆ. ಅವರಿಗೆ ಬರಿಯ ಬೆಂಚು ಕಂಡಿತಂತೆ. ಇಂಥವರು ಫೋನಿನಲ್ಲಿ ಕಾಣುವುದಿಲ್ಲ ಎನ್ನುವುದು ನನಗೂ ಆಗಲೇ ಗೊತ್ತಾಯಿತು. ಅಷ್ಟರಲ್ಲಿ ಬಚ್ಚಲಿನಿಂದ ಇವರು ಏನೋ ತಮಾಷೆ ಕೂಗಿದರು, ಅವಳು ನಕ್ಕಳು.

"ಯಾರದು ನಗುವುದು?" ಎಂದರು ಪಡಿಯಾರರು.

"ನಿಮ್ಮ ಹೆಂಡ್ತಿ."

"ಯಾರ ಮಾತಿಗೆ ನಗುವುದು?"

"ನನ್ನ ಗಂಡನ ಮಾತಿಗೆ," ಎಂದೆ. ಫೋನು ಕಟ್ಟಾಯಿತು.

ಮುಂದಿನ ವಾರವೇ ಪಡಿಯಾರರು ನಮ್ಮ ಅಂಗಳದಲ್ಲಿ ಇಳಿದರು. ಸುಡುಬಿಸಿಲಿನಲ್ಲಿ ಉಣ್ಣೆಯ ಕೋಟು ತೋಳಿನ ಮೇಲೆ, ಹಣೆಯಲ್ಲಿ ಬೆವರು. ಒಳಗೆ ಬರುತ್ತಲೇ ತಲೆ ಓರೆ ಮಾಡಿ ನಮ್ಮ ಗೋಡೆಗಳನ್ನು ನೋಡಿದರು, ಅದು ಅವರ ಅಭ್ಯಾಸವಿರಬೇಕು. ಆಮೇಲೆ ಅವಳು ನೀರು ತಂದು ಕೊಟ್ಟಳು. ಲೋಟ ತೆಗೆದುಕೊಳ್ಳುವುದನ್ನೂ ಮರೆತು ನಿಂತುಬಿಟ್ಟರು. ಮುಖದ ಬಣ್ಣವೇ ಹೋಗಿತ್ತು.

"ಇಂದೂ, ನಾನು," ಎಂದರು. "ನಾನು ಪಡಿಯಾರ."

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿ, ನೆನಪು ಮಾಡಿಕೊಂಡು, "ಓ, ಉಂಗುರದವರು," ಎಂದಳು. ತುಂಬ ಮರ್ಯಾದೆಯಿಂದಲೇ ಹೇಳಿದಳು. "ಕೂತ್ಕೊಳ್ಳಿ. ಪ್ರಯಾಣ ಸುಖವಾಯ್ತಾ?"

ತಮ್ಮ ಬಗ್ಗೆ ಅವರು ಒಂದು ಮಾತನ್ನೂ ಹೇಳಿರಲಿಲ್ಲ. ಉಂಗುರದ ಬಗ್ಗೆ ಹೇಳಿದ್ದರು, ಅದನ್ನು ಆರಿಸಿದ್ದು ತಾವು ಎಂದು ಹೇಳಿದ್ದರು. ಅವಳಿಗೆ ಗಂಡನ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಅವರು ಕೂತರು, ನೀರು ಕುಡಿದರು, ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

ಅವತ್ತಿನಿಂದ ಜಗಲಿಯ ಮೇಲೆ ಹೊಟ್ಟೆ ಉರಿದುಕೊಳ್ಳುವವರು ಇಬ್ಬರಾದೆವು. ಒಳಗೆ ಇವರಿಬ್ಬರ ಮಾತುಕತೆ, ಹೊರಗೆ ನಾನೂ ಪಡಿಯಾರರೂ ಕಾಫಿ ಲೋಟ ಹಿಡಿದು ಕಿವಿ ನಿಮಿರಿಸಿಕೊಂಡು ಕೂತಿರುವುದು. ಮೊದಮೊದಲು ಅವರು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕಷ್ಟಸುಖ ಹೇಳಿಕೊಳ್ಳುವಷ್ಟು ಸಲುಗೆ ಬಂತು.

"ನಿಮ್ಮ ಯಜಮಾನರು ಬೇಕಂತಲೇ ಮುಗಿಸುವುದಿಲ್ಲ," ಎಂದರು ಒಂದು ಸಂಜೆ.

"ಅದು ಹೇಳೋಕೆ ನೀವು ಅಷ್ಟು ದೂರದಿಂದ ಬರಬೇಕಿತ್ತಾ?"

"ನಮ್ಮ ಇಂದು ಹೀಗೆ ನಗುತ್ತಲೇ ಇರಲಿಲ್ಲ, ಗೊತ್ತುಂಟಾ. ಬಾಯಿಗೆ ಕೈ ಅಡ್ಡ ಹಿಡಿದು ಮೂಗಲ್ಲಿ ಉಸಿರು ಬಿಡುವುದು, ಅಷ್ಟೇ. ಇದು ಅವಳ ನಗುವೇ ಅಲ್ಲ. ಎಲ್ಲಿಂದ ತಂದು ಹಚ್ಚಿದರೋ ಏನೋ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ಅದು ಹೇಗೋ ಕೇಳಿಸಿತು. ಬೇಕಾದ್ದು ಅವರಿಗೆ ಒಂದೇ ಕಿವಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. "ಎಲ್ಲಿಂದ ಅಂದ್ರೆ? ಅದು ಇವಳದ್ದೇ ನಗು ಕಣಪ್ಪ," ಎಂದು ನನ್ನ ಕಡೆ ಬತ್ತಿ ತೋರಿಸಿದರು. "ಮದುವೆಯಾಗಿ ಬಂದಾಗ ಹಿಂಗೇ ನಗ್ತಿದ್ಲು, ಮನೆ ಹಾರಿಹೋಗೋ ಹಂಗೆ. ಕೊನೇಲಿ ಒಂದು ಬಿಕ್ಕಳಿಕೆ. ಗರತಿ ಹೆಂಗಸು ನಗೋ ನಗುವಾ ಅದು? ನಾನೇ ಬೈದು ಬೈದು ನಿಲ್ಲಿಸ್ದೆ."

ಪಡಿಯಾರರು ನನ್ನನ್ನು ನೋಡಿದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕಾಫಿಯ ಲೋಟ ನೋಡಿದೆ. ಅತ್ತೆಗೆ ಈ ವಿಷಯ ಗೊತ್ತಿದೆಯೆಂದರೆ, ಅವರ ಪಟ ಬರೆಯುವಾಗ ಇದನ್ನು ಹೇಳಿಕೊಂಡವರು ಮಗನೇ ಇರಬೇಕು. ಅವತ್ತು ಹೇಳುವ ಶಾಸ್ತ್ರಕ್ಕೆ ನೆಂಟರು ಯಾರೂ ಬಂದಿರಲಿಲ್ಲ, ನನಗೆ ಅತ್ತೆಯ ಬಗ್ಗೆ ಹೇಳಲು ಒಳ್ಳೆಯ ಮಾತು ಸಿಗದೆ ನಾನು ಎದ್ದು ಬಂದಿದ್ದೆ.

ನೇರ ಒಳಗೆ ಹೋಗಿ ಕೇಳಿದೆ. ಅವಳು ಅಲ್ಲೇ ಇದ್ದಳು, ಇರಲಿ ಎಂದುಕೊಂಡೆ. ಇವರು ಕುಂಚ ಕೆಳಗಿಟ್ಟರು. "ಅವರು ನಗು ಹೇಳಲಿಲ್ಲ ಪದ್ದಿ. ಬಾಯಿ ಖಾಲಿ ಉಳಿದಿತ್ತು. ನನಗೆ ಗೊತ್ತಿರೋದು ಒಂದೇ ನಗು, ಅದನ್ನೇ ಹಾಕ್ದೆ. ಎದ್ದು ಬಂದು ನಕ್ಕಾಗ..." ಎಂದು ಅಲ್ಲಿಗೇ ನಿಲ್ಲಿಸಿದರು.

ಬೇರೆ ಯಾರಾದರೂ ಆಗಿದ್ದರೆ ಕರಗಿ ನೀರಾಗುತ್ತಿದ್ದರೇನೋ. ನನಗೆ ಉರಿ ಇಮ್ಮಡಿಯಾಯಿತು. ಬೇರೆ ಹೆಂಗಸಿನ ಮೇಲಾದರೆ ಹೊಟ್ಟೆಕಿಚ್ಚು ಪಡಬಹುದು, ಒಂದಲ್ಲ ಒಂದು ದಿನ ಅವಳಲ್ಲಿ ಏನಾದರೂ ಕುಂದು ಸಿಗುತ್ತದೆ. ಇದು ನಾನೇ. ಇಷ್ಟು ವರ್ಷ ಇದೇ ಸೂರಿನ ಕೆಳಗೆ, ಕೈಗೆಟಕುವ ದೂರದಲ್ಲಿ ನಾನು ಬಣ್ಣ ಅರೆಯುತ್ತ ಕೂತಿದ್ದೆ. ಆ ಚಪ್ಪಲಿಯ ಕಥೆಯನ್ನು ಒಂದು ದಿನ ನನಗೇ ಹೇಳಬಹುದಿತ್ತು. ನಾನು ನಗುತ್ತಿದ್ದೆನೋ ಇಲ್ಲವೋ, ಹೇಳಿ ನೋಡಬಹುದಿತ್ತು. ಅದನ್ನು ಬಿಟ್ಟು ನನ್ನ ನಗುವನ್ನು ತೆಗೆದು ಇನ್ನೊಬ್ಬರ ಹೆಂಡತಿಯ ಬಾಯಿಗೆ ಇಟ್ಟು, ಅದರ ಮುಂದೆ ಕೂತು ಮೀಸೆ ತಿರುವಿದರು. "ಇದು ನ್ಯಾಯನಾ?" ಎಂದೆ.

ಮಾರನೆಯ ದಿನ ಪಡಿಯಾರರು ಇವರ ಮುಂದೆ ಬಂದು ಕೂತರು. ಹೇಳುವ ಶಾಸ್ತ್ರ ಮತ್ತೊಮ್ಮೆ ಆಗಲಿ, ಅವಳ ನಿಜವಾದ ನಗು ಹಾಕಿ, ನಾನು ಅವಳಿಗೆ ಯಾರು ಎಂಬುದನ್ನೂ ಹಾಕಿ ಎಂದರು. ಇವರು ಆಯಿತೆಂದು ಕುಂಚ ಎತ್ತಿಕೊಂಡು ಕಾದರು. ಪಡಿಯಾರರು ಬಾಯಿ ತೆರೆದರು, ಮುಚ್ಚಿದರು. ಹಣೆ ಎಂದರು, ಸೀರೆ ಎಂದರು. ಅದೆಲ್ಲ ಪಟದಲ್ಲಿ ಆಗಲೇ ಇತ್ತು. ಬಹಳ ಹೊತ್ತಿನ ಮೇಲೆ ಒಂದು ನೆನಪು ಬಂತು. "ಉಂಗುರ ಅವಳಿಗೆ ಬಿಗಿಯಾಗ್ತಿತ್ತು," ಎಂದರು. "ಸಂಜೆ ಸಾಬೂನು ಹಚ್ಚಿ ತೆಗೆದು ಬೆರಳು ಒತ್ತಿಕೊಳ್ತಾ ಇದ್ದಳು. ನಾನು ಬಂದ ಸದ್ದಾದ್ರೆ ಮತ್ತೆ ಹಾಕ್ಕೊಳ್ತಾ ಇದ್ದಳು." ಅಲ್ಲಿಂದ ಮುಂದಕ್ಕೆ ಏನೂ ಬರಲಿಲ್ಲ.

ಅವಳು ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಂಡಳು. "ಹಾಗಾದ್ರೆ ಉಂಗುರ ಬೇಡ," ಎಂದಳು. "ಕೈ ಮಾತ್ರ ಬರೀರಿ." ಗಂಡನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೂ ಪರಿಚಯ ಬೇಕಲ್ಲ.

ಪಡಿಯಾರರು ಒಪ್ಪಿ ತಲೆಯಾಡಿಸಿದರು. ಆ ಉಂಗುರವನ್ನು ಬಿಟ್ಟುಕೊಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಕಂಡಿತು. ಅವರ ಕೈ ತನ್ನಷ್ಟಕ್ಕೆ ಕೋಟಿನ ಜೇಬು ತಡವುತ್ತಿತ್ತು, ಉಂಗುರ ಅಲ್ಲೇ ಇದ್ದಿರಬೇಕು. ಈಗ ಇವರಿಗೆ ನೀಲಿಯ ನೆಪವೂ ಉಳಿಯಲಿಲ್ಲ. ಕುಂಚ ಹಿಡಿದು ನನ್ನ ಕಡೆ ತಿರುಗಿದರು. "ನೀನು ಹೇಳು ಪದ್ದಿ. ಮುಗಿಸಲಾ, ಬಿಡಲಾ?"

ಅವರು ಕೇಳಿದ್ದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಬಿಟ್ಟರೆ ನನ್ನ ನಗು ಈ ಮನೆಯಲ್ಲೇ ಇರುತ್ತದೆ, ಅವಳ ಬಾಯಲ್ಲಿ, ಅವರ ಎದುರಿನಲ್ಲಿ. ಮುಗಿಸಿದರೆ ಕಡಲಾಚೆ ಹೋಗುತ್ತದೆ, ನಾನು ಇಲ್ಲಿ ಬರಿಗೈಯಲ್ಲಿ ಇರುತ್ತೇನೆ. ಉದಾರವಾಗಿ ಇರಲಿ ಬಿಡಿ ಎನ್ನುವ ಹೆಂಗಸರು ಇರಬಹುದು. "ಮುಗಿಸಿ," ಎಂದೆ.

ಇವರು ಬೆರಳುಗಳನ್ನು ಒಂದೊಂದಾಗಿ ಬರೆದರು. ಅವಳು ಸೆರಗಿನಿಂದ ಎಡಗೈ ಹೊರಗೆ ತೆಗೆದು, ಬೆರಳು ಮೂಡುವುದನ್ನು ಮಗುವಿನ ಹಾಗೆ ನೋಡುತ್ತಿದ್ದಳು. ಕೊನೆಯ ಬೆರಳಿಗೆ ಬಂದಾಗ ನನ್ನನ್ನು ಕರೆದು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡಳು. "ನೋಡಕ್ಕ, ಎರಡಾಯ್ತು," ಎಂದು ನಗತೊಡಗಿದಳು. ನಗು ಏರಿತು. ತುದಿಯ ಬಿಕ್ಕಳಿಕೆ ಬರುವ ಮೊದಲೇ ನನ್ನ ಕೈ ಖಾಲಿಯಾಯಿತು. ಪಟದಲ್ಲಿ ಅವಳ ತುಟಿ ಸ್ವಲ್ಪ ತೆರೆದಿತ್ತು, ಬೆರಳು ಬೋಳಾಗಿತ್ತು.

ಹೊರಡುವಾಗ ಪಡಿಯಾರರು ಪಟವನ್ನು ತಮ್ಮ ಕೋಟಿನಲ್ಲೇ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಬಾಗಿಲಲ್ಲಿ ನಿಂತು, "ಅಮ್ಮ, ಒಂದು ಸಲ ನಗ್ತೀರಾ?" ಎಂದು ಕೇಳಿದರು.

"ಅಷ್ಟು ದೂರ ತಗೊಂಡು ಹೋಗ್ತಿದೀರಲ್ಲ, ಸಾಲದಾ?" ಎಂದೆ. ಅವರು ತಲೆ ತಗ್ಗಿಸಿ ಹೊರಟುಹೋದರು. ಅವರು ತಿರುವು ದಾಟುವುದನ್ನು ನೋಡುತ್ತ ನಿಂತಾಗ ನನ್ನ ಹೊಟ್ಟೆಕಿಚ್ಚು ಇವರನ್ನು ಬಿಟ್ಟು ಆ ಮನುಷ್ಯನ ಬೆನ್ನು ಹತ್ತಿತು. ಯಾವುದೋ ಚಳಿದೇಶದ ಗೋಡೆಯ ಮುಂದೆ ಅವರು ದಿನಾ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಅಡುಗೆಮನೆಯಲ್ಲಿ ಕೂರುತ್ತೇನೆ.

ಮನೆ ತಣ್ಣಗಾಯಿತು. ಇವರು ಕುಂಚ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ಸಂಜೆ ದೀಪ ಹಚ್ಚಿ ನಾನು ಹೋಗಿ ಅವರೆದುರು, ಹೇಳುವವರು ಕೂರುವ ಮಣೆಯ ಮೇಲೆ ಕೂತೆ.

"ರೀ, ನಾನು ಹೋದ ಮೇಲೆ ನನ್ನ ಪಟ ಬರೀತೀರಲ್ಲ?"

"ಬರೀದೆ ಇರ್ತೀನಾ?"

"ಯಾರನ್ನ ಬರೀತೀರಿ? ನಿಮಗೆ ಗೊತ್ತಿದ್ದೋಳನ್ನ ಬರೆದು ಕಳಿಸಿಬಿಟ್ರಿ. ಉಳಿದಿರೋದು ನಾನು."

ಅವರು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಬಿಡಿಸಿದರು. "ನಿನ್ನ ಬಗ್ಗೆ ನಂಗೆ ಹೇಳೋಕೆ ಯಾರಿದಾರೆ ಪದ್ದಿ?"

"ನಾನೇ ಹೇಳ್ತೀನಿ. ಕೂತ್ಕೊಂಡು ಕೇಳಿ."

ಬದುಕಿರುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು ನಮ್ಮೂರಲ್ಲಿ ಇಲ್ಲ. ಜಗಲಿಯಿಂದ ಅತ್ತೆ, ಇದೆಂಥ ಅಪಶಕುನ, ಎಲ್ಲಾದರೂ ಉಂಟೇ ಎಂದು ಗೊಣಗಿದರು. ಗೊಣಗಿಕೊಳ್ಳಲಿ ಎಂದು ಬಿಟ್ಟೆ. ಇವರು ನನ್ನೆದುರು ಬಂದು ಕೂತರು, ನನ್ನ ಮುಖವನ್ನು ಹೊಸ ಹಲಗೆ ನೋಡುವ ಹಾಗೆ ನೋಡಿದರು.

"ಎಲ್ಲಿಂದ ಶುರು ಮಾಡೋಣ? ನಗುವಿನಿಂದಾನಾ?" ಎಂದರು.

"ಅದು ಆಮೇಲೆ. ಬಂದ್ರೆ ನೋಡೋಣ," ಎಂದೆ. "ಮೊದಲು ಹೊಟ್ಟೆಕಿಚ್ಚು. ಅದನ್ನ ಪೂರ್ತಿ ಹಾಕ್ಬೇಕು, ಏನೂ ಬಾಕಿ ಬಿಡಬಾರದು. ನೀವು ಅವಳ ಜೊತೆ ಕೂತು ಚಪ್ಪಲಿ ಕಥೆ ಹೇಳಿದ ದಿನ ಅಡುಗೆಮನೇಲಿ ನಾನು ಏನು ಮಾಡ್ತಿದ್ದೆ, ಗೊತ್ತಾ?"

"ಇಲ್ಲ," ಎಂದರು ನನ್ನ ಗಂಡ. "ಹೇಳು."